ಮೇಷ್ಟ್ರ ತಲೆಯೊಳಗಿನ ಸದ್ದು

ಹೊಲಿಗೆ ಮೆಷಿನ್ ರಿಪೇರಿ ಮಾಡುವ ಅವರನ್ನು ಬೀದಿಯವರೆಲ್ಲ ಮೆಷಿನ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಶಾಲೆಯಲ್ಲಿ ಒಂದು ದಿನವೂ ಕಲಿಸಿದವರಲ್ಲ. ಎಣ್ಣೆ ಬಿಡದೆ ಮೆಷಿನ್ ತಂದವರಿಗೆ ಮಾತ್ರ ಅರ್ಧ ಗಂಟೆ ಪಾಠ ತಪ್ಪುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳಿದರೆ ಸಾಕು, ದೋಷ ಎಲ್ಲಿದೆಯೆಂದು ಗೊತ್ತಾಗಿಬಿಡುತ್ತಿತ್ತು.

ಅಂಥವರು ಈಚೆಗೆ ಎಡವಟ್ಟು ಮಾಡತೊಡಗಿದರು. ಯಾವ ಮೆಷಿನ್ ಬಂದರೂ “ಒಳಗೆ ಸುಯ್ ಸುಯ್ ಅಂತಿದೆ” ಎಂದು ಬಿಚ್ಚಿಹಾಕುವುದು. ಪಕ್ಕದಲ್ಲೇ ಕಾಜಾ ಹೊಲಿಯುತ್ತಿದ್ದ ಹೆಂಡತಿಗೆ ಏನೂ ಕೇಳಿಸುತ್ತಿರಲಿಲ್ಲ. ಸರಿಯಿದ್ದ ನಾಲ್ಕು ಮೆಷಿನ್‌ಗಳು ಮೇಜಿನ ತುಂಬ ಹರಡಿಕೊಂಡವು. ಎಡಗಣ್ಣು ಬೇರೆ ಎರಡು ತಿಂಗಳಿಂದ ಕೆಂಡದ ಹಾಗೆ ಕೆಂಪಗಾಗಿ, ಯಾವ ಡ್ರಾಪ್ಸಿಗೂ ಬಗ್ಗದೆ, ಈಗೀಗ ಮುಂದಕ್ಕೆ ಉಬ್ಬಿತ್ತು. ಒಂದು ಸೂಜಿ ಎರಡಾಗಿ ಕಾಣುತ್ತಿರುವುದನ್ನು ಮಹಾನುಭಾವರು ಬಾಯಿಬಿಟ್ಟಿರಲಿಲ್ಲ. ಅವರು ಪೋಣಿಸುವ ದಾರ ಮೂರು ಸಲ ಸೂಜಿಯ ಪಕ್ಕಕ್ಕೆ ಹೋದಾಗ ಅವಳಿಗೇ ಹೊಳೆಯಿತು. ಕಣ್ಣೇ ಹೋದರೆ ಈ ಮನುಷ್ಯ ಹೇಗೆ ತಡೆದುಕೊಂಡಾರು?

“ರೀ, ಮೆಷಿನ್ ನಿಂತಿದೆ. ಈಗಲೂ ಸದ್ದು ಕೇಳ್ತಿದೆಯಾ?”

“ಹೂಂ ಕಣೇ.”

ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಮೇಷ್ಟ್ರು ಕುರ್ಚಿ ಸಮೇತ ಹಿಂದೆ ಸರಿದರು. “ಇರೋ ಕಣ್ಣನ್ನೂ ತೆಗೀತೀಯೇನೇ?”

“ಸರಿ, ನನ್ನ ಕಿವೀನೇ ಸಾಕು ಬಿಡಿ.”

ಅವರ ಕಣತಲೆಗೆ ಕಿವಿಯಿಟ್ಟಳು. ದೂರದಲ್ಲೆಲ್ಲೋ ಸುಯ್... ಸುಯ್... ಅವರ ಕೈನಾಡಿ ಹಿಡಿದು ನೋಡಿದಳು. ಒಂದು ಬಡಿತಕ್ಕೆ ಒಂದು ಸುಯ್.

“ಸದ್ದು ಮೆಷಿನ್ನಲ್ಲಲ್ಲ ರೀ, ನಿಮ್ಮ ತಲೇಲಿದೆ. ಏಳಿ, ಆಸ್ಪತ್ರೆಗೆ.”

ಡಾಕ್ಟರು ಮುಚ್ಚಿದ ರೆಪ್ಪೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಸ್ಕ್ಯಾನ್ ಮಾಡಿಸಿದರು. ತಲೆಯೊಳಗೆ ಕೂಡಬಾರದ ಎರಡು ರಕ್ತನಾಳ ಕೂಡಿಕೊಂಡಿವೆ, ಒತ್ತಡವೆಲ್ಲ ಕಣ್ಣಿನ ಮೇಲೆ ಬೀಳುತ್ತಿದೆ, ಹೀಗೇ ಬಿಟ್ಟರೆ ದೃಷ್ಟಿ ಹೋಗುತ್ತದೆ ಎಂದರು. ತೊಡೆಯ ರಕ್ತನಾಳದಿಂದ ಎಳೆಯಷ್ಟು ಸಣ್ಣ ಕೊಳವೆ ತೂರಿಸಿ, ಆ ಅಡ್ಡದಾರಿಯನ್ನು ತಂತಿಯ ಸುರುಳಿಗಳಿಂದ ಮುಚ್ಚಿದರು.

“ಬಿಚ್ಚದೇನೇ ರಿಪೇರಿ ಮಾಡಿದ್ರು ನೋಡೇ! ನಾನು ಸುಮ್ಮಸುಮ್ಮನೆ ನಾಲ್ಕು ಬಿಚ್ಚಿದೆ” ಎಂದು ಮೇಷ್ಟ್ರು ಮಲಗಿದಲ್ಲೇ ಪೇಚಾಡಿದರು.

ಕೆಲವು ವಾರಗಳಲ್ಲಿ ಕೆಂಪು ಇಳಿಯಿತು, ಎರಡು ಸೂಜಿ ಒಂದಾಯಿತು. ಆದರೂ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವಳು ಅವರ ಕಣತಲೆಗೆ ಕಿವಿಯಿಡುತ್ತಾಳೆ.

“ಏನಾದ್ರೂ ಕೇಳ್ತಿದೆಯಾ?”

“ಇರಿ, ಮಾತಾಡ್ಬೇಡಿ.”

ಏನೂ ಇಲ್ಲವೆಂದು ಅವಳಿಗೆ ಕಿವಿಯಿಟ್ಟ ಕೂಡಲೇ ಗೊತ್ತಾಗುತ್ತದೆ. ಆದರೆ ಅಷ್ಟು ಬೇಗ ಕಿವಿ ತೆಗೆಯುವುದಿಲ್ಲ.