ಊಟಕ್ಕೆ ಜೊತೆ ಕೂರುವ ಮೇಜಿನಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಹನ್ನೆರಡು ಮಂದಿ ಆಕಳಿಸುತ್ತಾ ಸಾಲಾಗಿ ನಿಂತಿದ್ದಾರೆ. ತೂಕದ ಯಂತ್ರದ ಪಕ್ಕ ನೀಲಿ ಏಪ್ರನ್ ತೊಟ್ಟ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹುಕುಂ ಹೊರಡಿಸುತ್ತಿದ್ದಾರೆ: "ಬೆನ್ನು ನನ್ನ ಕಡೆ, ಮುಖ ಗೋಡೆ ಕಡೆ. ಕದ್ದು ನೋಡೋ ಹಾಗಿಲ್ಲ ಮರೀ, ನಂಗೆ ಮೈಯೆಲ್ಲಾ ಕಣ್ಣು!" ಸಾಲಿನಲ್ಲಿ ಕಿಸಕ್ಕನೆ ನಗು. ಒಬ್ಬೊಬ್ಬರ ತೂಕವನ್ನೂ ಬರೆದುಕೊಂಡು ಪುಸ್ತಕ ಮುಚ್ಚುತ್ತಾರೆ. ಆ ಸಂಖ್ಯೆ ಡಾಕ್ಟರಿಗಲ್ಲದೆ ಇನ್ಯಾರ ಕಿವಿಗೂ ಬೀಳುವುದಿಲ್ಲ.

ಊಟದ ಜೊತೆ ಜಗಳಕ್ಕೆ ಬಿದ್ದವರ ವಾರ್ಡು ಇದು. ಕೆಲವರಿಗೆ ತುತ್ತು ಬಾಯಿಗೇ ಹೋಗದು. ಕೆಲವರು ದುಃಖ ಉಕ್ಕಿದಾಗ ಸಿಕ್ಕಿದ್ದೆಲ್ಲ ತಿಂದು, ಆಮೇಲೆ ತಮ್ಮನ್ನು ತಾವೇ ಬಾಯಿಗೆ ಬಂದಂತೆ ಬೈದುಕೊಳ್ಳುತ್ತಾರೆ. ಆಸ್ಪತ್ರೆಯ ಕಡತದಲ್ಲಿ ಈಕೆ ಬರೀ 'ಆಯಾ'. ವಾರ್ಡಿನವರಿಗೆ ಮಾತ್ರ 'ಮೇಜಿನಕ್ಕ'. ದಿನಕ್ಕೆ ಮೂರು ಊಟ, ಮೂರು ತಿಂಡಿ. ಆರೂ ಸಲ ಇವರು ಎಲ್ಲರ ಜೊತೆ ಮೇಜಿಗೆ ಕೂರುತ್ತಾರೆ, ತಾವೂ ತಿನ್ನುತ್ತಾರೆ. ಜೊತೆಗೆ ಕೂತವರು ತಿನ್ನಲೇಬೇಕು ಎಂಬುದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ತಮ್ಮದನ್ನು ಬಿಟ್ಟು ದಿನಕ್ಕೆ ಎಪ್ಪತ್ತೆರಡು ತಟ್ಟೆ, ಹನ್ನೊಂದು ವರ್ಷದಿಂದ. "ತಿನ್ನೋದಕ್ಕೆ ಸಂಬಳ ಕೊಡೋ ಕೆಲಸ ಇನ್ನೆಲ್ಲಿ ಸಿಗುತ್ತೆ ಹೇಳಿ?" ಎಂದು ನಗುತ್ತಾರೆ.

ಮೊದಲು ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಸೋಪಿನ ನೀರಿಗೆ ಕೈ ಬಿರಿದಾಗ ಇಲ್ಲಿಗೆ ವರ್ಗವಾಯಿತು. ಯಜಮಾನರು ದರ್ಜಿ. "ಅವರು ದಿನವಿಡೀ ಜನರ ಸೊಂಟ ಅಳೀತಾರೆ, ನಾನು ದಿನವಿಡೀ ಅಳತೆ ಮುಚ್ಚಿಡ್ತೀನಿ. ಮೂವತ್ತು ವರ್ಷದ ಸಂಸಾರ ಹೆಂಗೋ ನಡೀತಿದೆ!"

ಊಟ ಮುಗಿದ ಮೇಲಿನ ಒಂದು ಗಂಟೆಯೇ ನಿಜವಾದ ಕೆಲಸ. ತಿಂದೆನಲ್ಲಾ ಎಂಬ ಸಂಕಟ ಆಗಲೇ ಏಳುವುದು. ತಿಂದದ್ದನ್ನು ಯಾರೂ ಹೋಗಿ ಕಕ್ಕದಂತೆ ಬಚ್ಚಲಿನ ಬಾಗಿಲಿಗೆ ಬೀಗ, ಮೇಜಿನ ಮೇಲೆ ಇಸ್ಪೀಟು. ಮೇಜಿನಕ್ಕ ರಾಜಾರೋಷವಾಗಿ ಮೋಸ ಮಾಡಿ ಆಡುತ್ತಾರೆ, ಸಿಕ್ಕಿಬೀಳುತ್ತಾರೆ, ದೊಡ್ಡ ಗಲಾಟೆಯಾಗುತ್ತದೆ. ಯಾರಾದರೂ ಅಳತೊಡಗಿದರೆ ಎಲೆ ಕೆಳಗಿಟ್ಟು ಕೇಳುತ್ತಾರೆ: "ಈಗ ನಿಮ್ಮ ತಂಗಿ ಹಿಂಗೆ ಅಳ್ತಿದ್ರೆ ಏನು ಹೇಳ್ತಿದ್ರಿ? ಅದನ್ನೇ ನಿಮಗೆ ಹೇಳ್ಕೊಳ್ಳಿ, ಜೋರಾಗಿ, ನಾವೂ ಕೇಳ್ತೀವಿ." ಕೌನ್ಸೆಲರ್ ಮೇಡಂ ಹೇಳಿಕೊಡುವುದನ್ನು ನೆಲ ಒರೆಸುತ್ತಾ ಕಲಿತದ್ದಂತೆ ಇದು.

ಇಂಥವರೂ ಕಳೆದ ತಿಂಗಳು ಎಡವಿದರು. ಶಾಲೆಯಲ್ಲಿ ಗಣಿತ ಕಲಿಸುವ ಯುವತಿಯೊಬ್ಬಳು ನಾಲ್ಕು ತಿಂಗಳಿಂದ ಇಲ್ಲಿದ್ದಾಳೆ. ಎಲ್ಲರೂ 'ಲೆಕ್ಕದ ಮೇಡಂ' ಎನ್ನುತ್ತಾರೆ. ಆಗ ಇನ್ನು ಎಂಟು ದಿನಕ್ಕೆ ಮನೆಗೆ ಹೊರಡುವವಳಿದ್ದಳು. ಒಂದು ಬೆಳಿಗ್ಗೆ ಖುಷಿ ತಡೆಯಲಾರದೆ ಮೇಜಿನಕ್ಕ ಅಂದುಬಿಟ್ಟರು: "ಅಯ್ಯೋ, ಕೆನ್ನೆ ತುಂಬ್ಕೊಂಡು ಎಷ್ಟು ಲಕ್ಷಣವಾಗಿದ್ದೀಯಮ್ಮ!" ಹೊರಗೆ ಅದು ಹೊಗಳಿಕೆ. ಈ ವಾರ್ಡಿನಲ್ಲಿ ಮೈ ಬಗ್ಗೆ ಯಾರೂ ಆಡಬಾರದ ಮಾತು. ಅಂದು ಮಧ್ಯಾಹ್ನದಿಂದಲೇ ಅವಳು ತಟ್ಟೆ ಮುಟ್ಟಲಿಲ್ಲ. ಮನೆಗೆ ಹೋಗುವ ದಿನ ಮುಂದಕ್ಕೆ ಹೋಯಿತು.

ಮೇಜಿನಕ್ಕ ತಾವೇ ಡಾಕ್ಟರ ಬಳಿ ಹೋಗಿ ತಪ್ಪೊಪ್ಪಿಕೊಂಡರು, ಅವಳ ಬಳಿಯೂ ಕ್ಷಮೆ ಕೇಳಿದರು. ಡಾಕ್ಟರು ಬೈಯಲಿಲ್ಲ. ಬೈದುಕೊಂಡವರು ಇವರೇ. "ನನ್ನ ಹಾಳು ಬಾಯಿ! ಹನ್ನೊಂದು ವರ್ಷ ಕಲಿತದ್ದು ಇದೇನಾ ಅನ್ನಿಸ್ತು. ಇನ್ನು ಯಾವ ಮುಖ ಇಟ್ಕೊಂಡು ಉಣ್ಣಲಿ ಅಂದ್ಕೊಂಡೆ," ಎನ್ನುತ್ತಾರೆ. ಮಾರನೇ ದಿನ ಮಧ್ಯಾಹ್ನ ತಟ್ಟೆಯಿಲ್ಲದೆ ಬಂದು ಕೂತರು.

ಎದುರಿಗೆ ಕೂತಿದ್ದ ಲೆಕ್ಕದ ಮೇಡಂ ತಲೆಯೆತ್ತಿದಳು. "ಅಕ್ಕಾ, ನಿಮ್ಮ ತಟ್ಟೆ ಎಲ್ಲಿ?"

"ಇವತ್ತು ಬೇಡಮ್ಮ."

"ಯಾಕೆ, ತಪ್ಪು ಮಾಡಿದ್ದಕ್ಕೆ ಉಪವಾಸನಾ? ಹಂಗಾದ್ರೆ ನಾನೂ ನೀವೂ ಒಂದೇ ಆದ್ವಲ್ಲ!"

ಅವಳೇ ಎದ್ದು ಹೋಗಿ ಅನ್ನ, ಸಾರು ಬಡಿಸಿಕೊಂಡು ತಂದು ಅಕ್ಕನ ಮುಂದಿಟ್ಟಳು. "ಬಾಯಿ ತಪ್ಪಿತು, ನಂಗೆ ನೋವಾಯ್ತು, ನಿಜ. ಅದಕ್ಕೆ ಹೊಟ್ಟೆ ಏನು ಮಾಡಿತ್ತಕ್ಕಾ? ನೀವೊಂದು ತುತ್ತು ತಿನ್ನಿ, ನಾನೊಂದು ತಿಂತೀನಿ." ಇಬ್ಬರೂ ಅಳುತ್ತಾ ತಿಂದರು. ಮುಗಿಯಲು ಒಂದೂಕಾಲು ಗಂಟೆ ಹಿಡಿಯಿತು. ಉಳಿದವರು ಯಾರೂ ಮೇಜು ಬಿಟ್ಟು ಏಳಲಿಲ್ಲ.

"ಬೇರೆಯವರಿಗೆ ಹೇಳೋದು ಸುಲಭ ಕಣ್ರೀ," ಎನ್ನುತ್ತಾ ಮೇಜಿನಕ್ಕ ಲೋಟಗಳನ್ನು ಜೋಡಿಸುತ್ತಾರೆ. "ನನ್ನನ್ನ ನಾನೇ ಸಮಾಧಾನ ಮಾಡ್ಕೊಳ್ಳೋದನ್ನ ಆ ಹುಡುಗಿಯಿಂದ ಕಲಿತೆ. ಈಗ ಕೈಯಿಂದ ಲೋಟ ಬಿದ್ದರೂ 'ಹೋಗ್ಲಿ ಬಿಡೇ' ಅಂತ ನಂಗೆ ನಾನೇ ಅಂದ್ಕೋತೀನಿ. ನಮ್ಮ ಯಜಮಾನರು ಹೆದರ್ಕೊಂಡಿದ್ದಾರೆ!"

ಲೆಕ್ಕದ ಮೇಡಂ ನಾಳೆ ಮನೆಗೆ ಹೋಗುತ್ತಿದ್ದಾಳೆ. ಅವಳ ಬಗ್ಗೆ ಏನಾದರೂ ಆಸೆಯಿದೆಯೇ ಎಂದರೆ ಮೇಜಿನಕ್ಕ ಕೊನೆಯ ಲೋಟವನ್ನೂ ಒರೆಸಿಡುತ್ತಾರೆ.

"ಇಲ್ಲಿಗೆ ವಾಪಸ್ ಬರಬಾರದು. ಎಂದಾದ್ರೂ ಯಾವುದೋ ಹೋಟ್ಲಲ್ಲಿ ನನ್ನ ಕಂಡ್ರೆ, ಬಾಯ್ತುಂಬ ತುತ್ತಿಟ್ಕೊಂಡು, ಮಾತಾಡೋಕಾಗ್ದೆ ಬರೀ ಕೈ ಬೀಸ್ಬೇಕು. ಅಷ್ಟೇ ಸಾಕು ನಂಗೆ."