ತೊಡೆಯ ಮೇಲಿನ ರುಮಾಲು

ರಾಚಪ್ಪ ಗವಾಯಿಗಳು ಹಾಡಲು ಕೂತರೆ ಮೊದಲು ತಲೆಯ ಮೇಲಿನ ರುಮಾಲು ತೆಗೆಯುತ್ತಿದ್ದರು. ಬೇರೆ ಗಾಯಕರು ಸಭೆಗೆ ಹೊರಡುವಾಗ ಇಲ್ಲದ ರುಮಾಲನ್ನು ಎರವು ತಂದು ಸುತ್ತಿಕೊಳ್ಳುತ್ತಿದ್ದ ಕಾಲ ಅದು. ಇವರದು ಉಲ್ಟಾ. ಜರಿಯಂಚಿನ ಆ ಕೆಂಪು ರುಮಾಲನ್ನು ಎರಡೂ ಕೈಯಿಂದ ಇಳಿಸಿ, ನಿದ್ದೆಹೋದ ಕೂಸನ್ನು ಮಲಗಿಸಿದಂತೆ ತೊಡೆಯ ಮೇಲಿಟ್ಟುಕೊಂಡು, ಬೋಳು ತಲೆಯನ್ನೊಮ್ಮೆ ಅಂಗೈಯಿಂದ ಒರೆಸಿ ತಂಬೂರಿಯವನ ಕಡೆ ನೋಡುತ್ತಿದ್ದರು. ಯಾಕೆಂದು ಕೇಳಿದವರಿಗೆ, "ದೊಡ್ಡಸ್ತನಾ ತಲಿ ಮ್ಯಾಲ ಕುಂತಿರೂತನಾ ದನಿ ಮ್ಯಾಲ ಏರಂಗಿಲ್ಲೋ ತಮ್ಮಾ" ಎನ್ನುತ್ತಿದ್ದರು.

ಆ ರುಮಾಲು ಸುತ್ತಿಸಿದವರು ಅವರ ರಾಜರು. ಗವಾಯಿಗಳ ಊರು ಲಕ್ಷ್ಮೇಶ್ವರ ಆಗ ಮರಾಠಿ ರಾಜರ ಸಂಸ್ಥಾನದಲ್ಲಿತ್ತು; ಗದಗಿನವರು ನಾವು ಮುಂಬಯಿ ಪ್ರಾಂತದವರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಊಟದ ಹೊತ್ತಿಗೆ ಬೇರೆ ರಾಜ್ಯದಲ್ಲಿರುತ್ತಿದ್ದೆವು. ಅಲ್ಲಿಯವರು ರಾಜರನ್ನು 'ಸರಕಾರ' ಎಂದೇ ಕರೆಯುವುದು. ಗವಾಯಿಗಳು ಎಲ್ಲಿ ಹಾಡಲಿ, ಯಾರ ಮುಂದೆ ಹಾಡಲಿ, ಮೊದಲಿಗೆ ಸರಕಾರದ ಮೇಲಿನ ಎರಡು ಸಾಲಿನ ಸ್ತುತಿ. ಮಾತು ಮರಾಠಿ, ರಾಗ ಭೂಪ. ಗದಗಿನಲ್ಲಿ ಯಾರೋ ಒಮ್ಮೆ ಕೆಣಕಿದರು: "ನಿಮ್ಮ ರಾಜರ ಹೊಗಳಿಕಿ ನಮ್ಮೂರಾಗ ಯಾಕ್ರಿ? ಗಣಪತಿ ಸ್ತುತಿ ಹಾಡ್ರಿ." ಗವಾಯಿಗಳು ಅವನನ್ನು ಮೇಲಿಂದ ಕೆಳಗೆ ನೋಡಿ, "ಗಣಪತಿ ನನಗ ಒಂದ ಹೊತ್ತಿನ ಕೂಳು ಹಾಕಿಲ್ಲೋ ಮಾರಾಯಾ. ಹಾಕಿದವರು ಮೊದಲು, ಆಮ್ಯಾಲ ಅಂವಾ" ಎಂದರು.

ನಾನು ಹುಟ್ಟಿದ್ದು ಪಕ್ಕದ ಸೊರಟೂರಿನಲ್ಲಿ. ತಂದೆ ಬಿಟ್ಟು ಹೋದ ಆಸ್ತಿ ಏನೂ ಇರಲಿಲ್ಲ. ಗದಗಿನ ಹತ್ತಿ ಪೇಟೆಯಲ್ಲಿ ಬಾಯಿ ಬಂಡವಾಳದ ಮೇಲೆ ದಲಾಲಿ ಶುರು ಮಾಡಿದೆ. ಹರೆಯದಲ್ಲಿ ಎರಡೇ ಹುಚ್ಚು: ಒಂದು ಚೌಕಾಶಿ, ಇನ್ನೊಂದು ರಾಚಪ್ಪ ಗವಾಯಿಗಳ ಹಾಡಕಿ. ಅವರು ಸಭೆಯಲ್ಲಿ ಒಬ್ಬನನ್ನು ಆರಿಸಿಕೊಂಡು ಮುಗಿಯುವವರೆಗೂ ಅವನನ್ನೇ ನೋಡುತ್ತ ಹಾಡುವವರು. ತಲೆ ಅಲ್ಲಾಡಿಸುವವರನ್ನು ಆರಿಸುತ್ತಿರಲಿಲ್ಲ. "ತಲಿ ಅಲ್ಲಾಡಸಾಂವಗ ತನ್ನ ತಲೀದ ಖಬರ ಇರತದ, ನನ್ನ ಹಾಡಿಂದಲ್ಲ." ಲಕ್ಷ್ಮೇಶ್ವರದ ಗುಡಿಯ ಅಂಗಳದಲ್ಲಿ ಒಂದು ಸಂಜೆ ಅವರ ಕಣ್ಣು ನನ್ನ ಮೇಲೆ ನಿಂತಿತು. ಎಲೆ ಅಡಿಕೆ ಉಗುಳಲು ಏಳುವಂತಿಲ್ಲ, ಸೊಳ್ಳೆ ಕಚ್ಚಿದರೆ ಕೆರೆಯುವಂತಿಲ್ಲ. ಮುಗಿದ ಮೇಲೆ ಕರೆದು ಕೇಳಿದರು:

"ಯಾವೂರವ ಲೇ ನೀ?"

"ಸೊರಟೂರ್ರಿ. ವೀರಪ್ಪ ಅಂತ. ಹತ್ತಿ ದಲಾಲಿ ಮಾಡತೀನ್ರಿ."

"ನಡುವೊಮ್ಮಿ ಮಾರಿ ಸಣ್ಣ ಮಾಡಿದಿ. ಯಾಕ?"

ಹೆದರುತ್ತಲೇ ಹೇಳಿದೆ. "ಒಂದ ಕಡೆ ದನಿ ಕುಂಡರಲಿಲ್ಲ ಅನಸ್ತರಿ."

ಅವರು ತಂಬೂರಿಯವನ ಕಡೆ ತಿರುಗಿ, "ನೋಡು, ಇಷ್ಟು ಮಂದ್ಯಾಗ ಇಂವಗೊಬ್ಬಗ ಕಿವಿ ಐತಿ. ಅದೂ ದಲಾಲಿ ಕಿವಿ!" ಎಂದು ನಕ್ಕರು. ಅಂದಿನಿಂದ ಹಾಡು ಮುಗಿದ ಕೂಡಲೇ ನನ್ನನ್ನು ಕರೆದು "ಹೆಂಗಾತು?" ಎಂದು ಕೇಳುವುದು ವಾಡಿಕೆಯಾಯಿತು.

ಸ್ವಾತಂತ್ರ್ಯ ಬಂದ ವರ್ಷ ಝಂಡಾ ಏರಿಸುವ ದಿನ ಹಾಡಲು ಕರೆಯಹೋದೆ. ಅವರು ಬರಲಿಲ್ಲ. "ನಮ್ಮ ಸರಕಾರ ಇನ್ನೂ ಹೊರಗ ನಿಂತಾರ. ಅವರು ಒಳಗ ಬರಲಿ, ಹಿಂದಿಂದ ನಾನೂ ಬರತೀನಿ." ನಾನು ಸಿಟ್ಟಿನಿಂದ, "ಅವರು ಬರದಿದ್ದರ?" ಎಂದೆ. "ಬಾಗಲ್ದಾಗ ಕುಂತ ಹಾಡತೀನಿ. ನಿನಗ ಅಲ್ಲಿತನಾ ಕೇಳಸತದ." ಮುಂದೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮಾತಿನಂತೆ ಬಂದರು, ಹಾಡಿದರು. ಮೊದಲಿಗೆ ಅದೇ ಸ್ತುತಿ. ಆಗ ಯಾರೂ ಜಗಳ ತೆಗೆಯಲಿಲ್ಲ.

ಜಗಳ ಬಂದದ್ದು ಏಕೀಕರಣದ ಸಮಾರಂಭಕ್ಕೆ. ಪೇಟೆಯವರೆಲ್ಲ ಸೇರಿ ಮಾಡಿದ ಉತ್ಸವ. ಮುಂದಾಳು ಹಾಲಪ್ಪ ಮಾಸ್ತರು. ಗವಾಯಿಗಳ ಹೆಸರು ಹೇಳಿದೊಡನೆ ಮಾಸ್ತರು ಚಷ್ಮಾ ತೆಗೆದರು.

"ಹಾಡಲಿ, ಯಾರು ಬ್ಯಾಡಂತಾರ? ಆದರ ಆ ಸ್ತುತಿ ಬ್ಯಾಡ. ರಾಜರು ಹೋದರು. ಕನ್ನಡ ನಾಡು ಒಂದಾದ ದಿವಸ ಮರಾಠಿ ಹೊಗಳಿಕಿ ಕೇಳಿ ಮಂದಿ ಸುಮ್ಮ ಕುಂಡರತಾರೇನ್ರಿ ವೀರಪ್ಪನವರ?"

"ಎರಡ ಸಾಲ್ರಿ ಮಾಸ್ತರ. ನಿಮ್ಮ ಸ್ವಾಗತ ಭಾಷಣದ ಮುಂದ ಅದು ಸಾಸಿವಿಕಾಳು."

ಕೂತವರು ನಕ್ಕರು. ನಗಿಸಿದ ಮೇಲೆಯೇ ಸೌದಾ ಕುದುರಿಸಬೇಕು, ಹೊಸದಾಗಿ ವ್ಯಾಪಾರಕ್ಕಿಳಿದವರು ಇದನ್ನು ನೆನಪಿಡಿ. ನಾನು ಒಂದು ಮೆಟ್ಟಿಲು ಇಳಿದೆ, ಅವರನ್ನು ಎರಡು ಮೆಟ್ಟಿಲು ಇಳಿಸಿದೆ. ಮೊದಲು ಮಕ್ಕಳ ಹಾಡು, ಆಮೇಲೆ ಹಾರ ತುರಾಯಿ. ಆ ಗದ್ದಲದಲ್ಲಿ ಗವಾಯಿಗಳು ಸ್ತುತಿ ಮುಗಿಸಲಿ, ಕೇಳಿದವರು ಕೇಳಲಿ, ಬಿಟ್ಟವರು ಬಿಡಲಿ. ಮಾಸ್ತರು ಒಪ್ಪಿದರು. "ನಿಮ್ಮ ಸ್ತುತಿಗೆ ಪರವಾನಗಿ ಸಿಕ್ಕೈತಿ, ಚಿಂತಿ ಬ್ಯಾಡ" ಎಂದು ಗವಾಯಿಗಳಿಗೆ ಹೇಳಿ ಕಳಿಸಿದೆ. ದೊಡ್ಡ ಸೌದಾ ಕುದುರಿಸಿದವನಂತೆ ಬೀಗಿದೆ.

ಆ ಸಂಜೆ ಹತ್ತಿ ಪೇಟೆಯ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗವಾಯಿಗಳು ವೇದಿಕೆಗೆ ಬಂದು ಕೂತರು. ರುಮಾಲು ತೆಗೆಯಲಿಲ್ಲ. ಮರೆತರೇನೋ ಎಂದುಕೊಂಡೆ. ಹಾರ ತುರಾಯಿಯ ಗದ್ದಲ ಪೂರಾ ಮುಗಿಯುವವರೆಗೆ ಸುಮ್ಮನಿದ್ದು ಆಮೇಲೆ ಬಾಯಿ ತೆರೆದರು. ರಾಗ ಅದೇ ಭೂಪ, ಆದರೆ ಮಾತು ಹೊಸದು. ಕನ್ನಡದ್ದು, ತಾವೇ ಕಟ್ಟಿದ್ದು. ಕೃಷ್ಣೆ ಬಂದಳು, ಮಲಪ್ರಭೆ ಬಂದಳು, ತುಂಗಭದ್ರೆ ಬಂದಳು; ನಿನ್ನೆಯವರೆಗೆ ಎರಡು ರಾಜ್ಯದ ಗಡಿಯಾಗಿದ್ದ ಹೊಳೆಯ ಎರಡೂ ದಂಡೆ ಒಂದಾದವು. ಒಂದೊಂದು ಹೊಳೆಗೂ ಚಪ್ಪಾಳೆ. ಆ ಹೊಳೆಯ ದಂಡೆಯ ಕೊರ್ಲಹಳ್ಳಿಯಿಂದ ಬಂದವರಂತೂ ಎದ್ದು ನಿಂತು ಕೂಗಿದರು. ಮಾಸ್ತರ ಕಣ್ಣಲ್ಲಿ ನೀರು.

ನನ್ನ ಮಾರಿ ಮಾತ್ರ ಸಣ್ಣದಾಗಿತ್ತು. ಮೊದಲ ಸ್ವರಕ್ಕೇ ಗೊತ್ತಾಯಿತು. ಕತ್ತಲ ಮನೆಯಲ್ಲಿ ಕಡ್ಡಿಪೆಟ್ಟಿಗೆಗಾಗಿ ತಡಕಾಡುವವರಂತೆ ಷಡ್ಜವನ್ನು ಹುಡುಕುತ್ತಿದ್ದರು. ಇಷ್ಟು ವರ್ಷ ಯಾವ ಎರಡು ಸಾಲಿನ ಮೆಟ್ಟಿಲ ಮೇಲೆ ಆ ದನಿ ಒಳಗೆ ಹೋಗುತ್ತಿತ್ತೋ ಆ ಮೆಟ್ಟಿಲು ಇರಲಿಲ್ಲ. ಮುಂದೆ ಹಾಡಿದ್ದೆಲ್ಲ ಹೊರಗೇ ನಿಂತಿತು. ಅಂದು ಅವರು ಯಾರನ್ನೂ ಆರಿಸಲಿಲ್ಲ. ಜನರ ತಲೆಯ ಮೇಲಿಂದ ಆಚೆ ನೋಡುತ್ತಿದ್ದರು.

ಮುಗಿದ ಮೇಲೆ ಪರದೆಯ ಹಿಂದೆ ಹೋದೆ. ಶಾಲು ಹೊದ್ದು ಒಬ್ಬರೇ ಕೂತಿದ್ದರು.

"ಸ್ತುತಿ ಯಾಕ ಬಿಟ್ರಿ ಗವಾಯಿಗಳ? ನಾ ಮಾಸ್ತರನ್ನ ಒಪ್ಪಿಸಿದ್ನಲ್ಲಾ!"

"ಅದಕ್ಕ ಬಿಟ್ಟೆ" ಎಂದರು. "ಸರಕಾರಕ್ಕ ನಾ ಕೊಡೂದು ಅದೊಂದ. ಅದನ್ನ ನೀ ಪ್ಯಾಟ್ಯಾಗ ಇಟ್ಟು, ಗಿರಾಕಿ ಹುಡುಕಿ, ಪರವಾನಗಿ ತಂದಿ. ಪರವಾನಗಿ ತಗೊಂಡು ಹಾಡಾಕ ನನಗ ಬರೂದಿಲ್ಲ ವೀರಪ್ಪಾ."

ಜಗಳವಾಡಿದ್ದು ಅವರ ಸಲುವಾಗಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು, ಎಂದಿನಂತೆ: "ಇರಲಿ. ಹೆಂಗಾತು?"

ಹೊರಗೆ ಇನ್ನೂ ಚಪ್ಪಾಳೆ. ಛಲೋ ಆತ್ರಿ ಎಂದರೆ ಮುಗಿಯುತ್ತಿತ್ತು. ಮಾಲು ಸಾಗಿಸಲು ಅಂಥ ಮಾತು ದಿನಕ್ಕೆಷ್ಟು ಆಡಿಲ್ಲ ನಾನು! ಆದರೆ ಆ ಮನುಷ್ಯನಿಗೆ ಆಡಲು ಬರಲಿಲ್ಲ.

"ದನಿ ಕುಂಡರಲಿಲ್ರಿ."

ಗವಾಯಿಗಳು ಜಾರಿದ ಶಾಲನ್ನು ಹೆಗಲಿಗೇರಿಸಿಕೊಂಡರು. ಆಮೇಲೆ, "ಬಯಲ ತುಂಬ ಮಂದಿ ಇದ್ದರು. ನಿನಗೊಬ್ಬಗ ಕೇಳಸ್ತು" ಎಂದರು. ಹೊಗಳಿದರೋ ಬೈದರೋ, ಇಂದಿಗೂ ತಿಳಿದಿಲ್ಲ. ಮುಂದೆ ಅವರು ಸಭೆಯಲ್ಲಿ ಹಾಡಲಿಲ್ಲ, ಮರುವರ್ಷ ತೀರಿಕೊಂಡರು.

ಮೊನ್ನೆ ಮನೆಗೆ ರೇಡಿಯೋ ತಂದೆ. ಹರೆಯದಲ್ಲಿ ಎತ್ತಿನ ಗಾಡಿ ಹತ್ತಿ, ಜಾಗರಣೆ ಮಾಡಿ ಕೇಳಿದ ಗಾಯಕರೆಲ್ಲ ಈಗ ಪಡಸಾಲೆಗೇ ಬರುತ್ತಾರೆ. ನನ್ನ ಮಾತು ಕೇಳಿ, ಅವರನ್ನು ಮತ್ತೆ ಕೇಳಬೇಡಿ. ಒಬ್ಬೊಬ್ಬರೂ ನನ್ನ ಕಣ್ಣೆದುರೇ ಸಣ್ಣವರಾದರು. ಅಂದು ದೊಡ್ಡದಿದ್ದದ್ದು ಅವರ ಹಾಡೋ, ನನ್ನ ಹರೆಯವೋ? ಆ ಅನುಮಾನ ಈಗ ಗವಾಯಿಗಳವರೆಗೂ ಬಂದು ನಿಂತಿದೆ. ಅಂಡಿಗೆ ಚೀಲದಿಂದ ಒಂದು ಹಿಡಿ ಎಳೆದು ನೋಡದೆ ಹತ್ತಿ ಕೊಂಡವನಲ್ಲ ನಾನು. ಅವರದು ಒಂದು ಗ್ರಾಮೊಫೋನ್ ಪ್ಲೇಟೂ ಇಲ್ಲ. ಯಾವುದನ್ನು ಎಳೆದು ನೋಡಲಿ?

ಇರುವುದು ಸಮಾರಂಭದ ಮರುದಿನದ ಮುಂಜಾನೆ ಮಾತ್ರ. ಲಕ್ಷ್ಮೇಶ್ವರದ ಬಸ್ಸು ಹತ್ತಿಸಲು ಹೋಗಿದ್ದೆ. "ಬರತೀನೋ" ಎಂದು ಹೋಗಿ ಕಿಟಕಿಯ ಪಕ್ಕ ಕೂತರು. ಡ್ರೈವರ್ ಇಂಜಿನ್ ಚಾಲು ಮಾಡಿದ. ಗವಾಯಿಗಳು ಎರಡೂ ಕೈಯಿಂದ ರುಮಾಲು ಇಳಿಸಿ ತೊಡೆಯ ಮೇಲಿಟ್ಟುಕೊಂಡು, ಬೋಳು ತಲೆಯನ್ನೊಮ್ಮೆ ಒರೆಸಿದರು. ಆಮೇಲೆ ನನ್ನನ್ನೇ ನೋಡುತ್ತ ಬಾಯಿ ತೆರೆದರು. ತುಟಿ ಅಲ್ಲಾಡಿದ್ದು ಕಂಡಿತು, ಕುತ್ತಿಗೆಯ ನರ ಬಿಗಿದದ್ದು ಕಂಡಿತು. ಎರಡೇ ಸಾಲು. ಇಂಜಿನ್ನಿನ ಸದ್ದಿನಲ್ಲಿ ನನಗೆ ಒಂದು ಸ್ವರವೂ ಕೇಳಿಸಲಿಲ್ಲ.

ಮುಗಿಸಿ, ಹುಬ್ಬು ಏರಿಸಿ ಕಿಟಕಿಯಿಂದಲೇ ಕೇಳಿದರು: ಹೆಂಗಾತು?

ಬಸ್ಸು ಹೊರಟುಬಿಟ್ಟಿತು.