ಗೋಡೆಗೆ ಮುಖ ಮಾಡಿದ ಅಂತೋಣಿ

ಇವತ್ತು ಬೆಳಿಗ್ಗೆ ಕೆಲಸದಾಕೆ ಕಪಾಟಿನ ಧೂಳು ಒರೆಸಿ, ಗೇಣುದ್ದದ ಸಂತ ಅಂತೋಣಿಯವರ ಮೂರ್ತಿಯನ್ನು ಗೋಡೆಗೆ ಮುಖ ಮಾಡಿ ಇಟ್ಟು ಹೋಗಿದ್ದಳು. ಅವಳಿಗೇನು ಗೊತ್ತು, ಪಾಪ. ನಾನು ಮಾತ್ರ ಬೆಚ್ಚಿಬಿದ್ದೆ. ನಾಳೆ ನನ್ನ ಹೆಂಡತಿ ಸರೋಜಳಿಗೆ ಹೃದಯದ ಆಪರೇಷನ್, ಇವತ್ತು ಸಂಜೆಗೆ ಆಸ್ಪತ್ರೆಗೆ ಸೇರಿಸಬೇಕು. ಆ ಆಸ್ಪತ್ರೆಯಲ್ಲಿ ನಮ್ಮೋರು ಅಂತ ಯಾರಿದ್ದಾರೆ ಎಂದು ಫೋನಿನಲ್ಲಿ ನಂಬರು ತಡಕಾಡ್ತಾ ಕೂತಿದ್ದವನು ತಲೆ ಎತ್ತಿದರೆ, ಸಂತರು ನನಗೆ ಬೆನ್ನು ತೋರಿಸಿ ನಿಂತಿದ್ದಾರೆ! ಶಿವಪೂಜೆ ಮಾಡೋರ ಮನೆಯಲ್ಲಿ ಕ್ರೈಸ್ತ ಸಂತರಿಗೇನು ಕೆಲಸ ಅಂತೀರಾ? ಹೇಳ್ತೀನಿ, ಕೂಡ್ರಿ.

ಎಪ್ಪತ್ತರ ದಶಕದ ಕೊನೆಗೆ ನಾವು ಹರಿಹರದಲ್ಲಿ ಬಾಡಿಗೆಗಿದ್ದೆವು. ನನ್ನ ನೌಕರಿ ದಾವಣಗೆರೆಯಲ್ಲಿ, ದಿನಾ ರೈಲು. ಪಕ್ಕದ ಮನೆಯಲ್ಲಿ ಫಿಲೋಮಿನಮ್ಮ. ಅವರ ಗಂಡ ಗುತ್ತೂರು ಕಡೆಯ ಕಾರ್ಖಾನೆಯಲ್ಲಿ ಫಿಟ್ಟರು, ಯೂನಿಯನ್ನಿನ ಮನುಷ್ಯ, ಮಾತೆತ್ತಿದರೆ ಘೇರಾವ್ ಅನ್ನೋರು. ಆದರೆ ಆ ಮನೆಯಲ್ಲಿ ಅಸಲಿ ಘೇರಾವ್ ನಡೆಸ್ತಿದ್ದಾಕೆ ಈಯಮ್ಮ. ಒಂದಿನ ಪೇಪರ್ ಇಸ್ಕೊಳ್ಳಲು ಹೋದರೆ ಅಂತೋಣಿಯವರು ಗೋಡೆ ನೋಡ್ಕೊಂಡು ನಿಂತಿದ್ದಾರೆ.

‘ಏನ್ರಿ, ಸಂತರು ಮುನಿಸ್ಕೊಂಡಾರಾ?’ ಅಂದೆ.

‘ಅವರಲ್ಲ, ನಾನು ಮುನಿಸ್ಕೊಂಡೀನಿ,’ ಅಂದರು ಫಿಲೋಮಿನಮ್ಮ.

ಬೆಂಡೋಲೆ ಕಳೆದಿತ್ತಂತೆ. ಕಳೆದದ್ದನ್ನು ಹುಡುಕಿಕೊಡೋದು ಅಂತೋಣಿಯವರ ಕೆಲಸವಂತೆ. ಹೇಳಿ ವಾರವಾದರೂ ಅಲ್ಲಾಡಿಲ್ಲ, ಸಿಗೋವರೆಗೂ ಹಿಂಗೇ ನಿಲ್ಲಲಿ ಅಂದರು. ಇದು ಚರ್ಚಿನ ನಿಯಮ ಏನಲ್ಲ, ನಮ್ಮ ತವರಿನ ರೂಢಿ, ಪಾದ್ರಿಗಳಿಗೆ ಗೊತ್ತಾದರೆ ಬೈತಾರೆ ಅಂತ ದನಿ ತಗ್ಗಿಸಿದರು. ಕೊನೆಗೆ ಬೆಂಡೋಲೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಸಂತರು ಮಲ್ಲಿಗೆ ಮಾಲೆ ಹಾಕಿಸಿಕೊಂಡು ಈಚೆ ತಿರುಗಿದರು.

ನಾನಾಗ ಬಲು ವಿಚಾರವಂತ ನೋಡಿ. ಕಳೆದದ್ದಕ್ಕೆ ಒಬ್ಬ ಸಂತ, ಗಂಟಲುನೋವಿಗೆ ಇನ್ನೊಬ್ಬ, ಪ್ರಯಾಣಕ್ಕೆ ಮತ್ತೊಬ್ಬ, ಥೇಟ್ ಮಂತ್ರಿಮಂಡಲದ ಖಾತೆ ಹಂಚಿಕೆ ಅಂತ ನಗ್ತಿದ್ದೆ. ದೇವರೇ ಇರುವಾಗ ನಡುವೆ ಇವರ್ಯಾಕೆ, ಅಲ್ಲಿಗೂ ವಶೀಲಿ ಬೇಕೇನು ಅಂತ ಛೇಡಿಸ್ತಿದ್ದೆ. ಹೀಗನ್ನೋ ನಾನು ಗ್ಯಾಸ್ ಸಿಲಿಂಡರಿಗೆ ಶಾಸಕರ ಷಡ್ಡಕನ ಮುಂದೆ, ಸಿಮೆಂಟಿಗೆ ಆ ಷಡ್ಡಕನ ಡ್ರೈವರ್ ಮುಂದೆ ಕೈಕಟ್ಟಿ ನಿಂತು ಬರ್ತಿದ್ದೆ, ಅದು ಬೇರೆ ಮಾತು. ಪೂಜೆ ದೇವರೊಬ್ಬನಿಗೇ, ಸಂತರಿಗೆ ಮನೆಯ ಹಿರೀಕರಿಗೆ ಕೊಡೋ ಮರ್ಯಾದೆ ಅಷ್ಟೇ ಅಂತ ಆಯಮ್ಮ ಬೇಜಾರಿಲ್ಲದೆ ಎಷ್ಟು ಸಲ ಹೇಳಿದರೋ. ನನ್ನ ಕಿವಿಗೆ ಬೀಳಬೇಕಲ್ಲ!

ಆಮೇಲೆ ಸರೋಜಳ ಹೆರಿಗೆ ಬಂತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಹೆಣ್ಣು ಮಗು ಹುಟ್ಟಿತು, ತಾಯಿಗೆ ರಕ್ತ ಹೋಗೋದು ನಿಲ್ಲಲಿಲ್ಲ. ಉಳಿಯೋದು ಕಷ್ಟ ಅಂದರು ಡಾಕ್ಟರು. ನಾನು ನನಗೆ ಗೊತ್ತಿದ್ದ ಒಂದೇ ವಿದ್ಯೆ ತೋರಿಸಿದೆ, ವಶೀಲಿ ಹುಡುಕ್ಕೊಂಡು ಊರೆಲ್ಲ ಓಡಿದೆ. ಷಡ್ಡಕ ಮಲೆಬೆನ್ನೂರಿಗೆ ಹೋಗಿದ್ದ. ಹತ್ತಿಮಿಲ್ಲಿನ ಮ್ಯಾನೇಜರರನ್ನು ಹಿಡಿದು, ಒಂದು ಚೀಟಿ ಬರೆಸಿ ತಂದೆ. ಡಾಕ್ಟರು ಅದನ್ನು ಓದಿ ಮಡಿಚಿ ನನ್ನ ಜೇಬಿಗೇ ಇಟ್ಟು, ‘ಇವರು ಹೇಳಿದ್ರೆ ರಕ್ತ ನಿಲ್ಲುತ್ತೇನ್ರಿ?’ ಅಂದರು.

ವರಾಂಡಕ್ಕೆ ಬಂದರೆ ಫಿಲೋಮಿನಮ್ಮ ಜಪಮಾಲೆ ಹಿಡಿದು ನೆಲದ ಮೇಲೆ ಕೂತಿದ್ದರು, ಪಕ್ಕದಲ್ಲಿ ಗಂಜಿಯ ಕ್ಯಾರಿಯರ್. ಕೆಂಪು ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರಂತೆ. ನಾನು ಅಂದಿದ್ದೆಲ್ಲ ಮರೆತುಬಿಡ್ರಿ, ನಿಮ್ಮ ಅಂತೋಣಿಯವರನ್ನ ಈಗಲೇ ಹೋಗಿ ಗೋಡೆಗೆ ತಿರುಗಿಸ್ರಿ ಅಂದೆ.

‘ಇದು ಹಟ ಮಾಡೋ ವಿಷ್ಯ ಅಲ್ರಿ, ಕೈಮುಗಿದು ಕೇಳೀನಿ,’ ಅಂದರು. ‘ಬರ್ರಿ, ನೀವೂ ಕೇಳ್ರಿ. ನಿಮ್ಮ ಶಿವನ್ನೇ ಕೇಳ್ರಿ. ನಿಮ್ಮ ಬದ್ಲಿಗೆ ಯಾರೂ ಕೇಳೋಕಾಗಲ್ಲ. ಜೊತಿಗೆ ಕೇಳ್ತೀವಿ, ನಾನೂ, ಅಂತೋಣಿಯವರೂ. ಅವರು ಸತ್ತು ಎಷ್ಟು ಕಾಲ ಆಗಿದ್ರೇನು, ನಮ್ಮೋರು ನಮ್ಮೋರೇ ಅಲ್ಲೇನ್ರಿ?’

ಪಕ್ಕದಲ್ಲಿ ಕೂತೆ. ಚೀಟಿ ಹಿಡಿದೇ ರೂಢಿಯಾದ ಕೈಗೆ ಬರಿದಾಗಿ ಮುಗಿಯೋದು ಬಲು ತ್ರಾಸಾಯಿತು. ಸರೋಜ ಉಳಿದಳು. ಡಾಕ್ಟರ ಕೈಗುಣವೋ, ಯಾರ ಪ್ರಾರ್ಥನೆಯೋ, ಆ ವಾದ ನಾನು ಬಿಟ್ಟಿದ್ದೇನೆ. ಗ್ಯಾಸಿಗೆ ಷಡ್ಡಕನ ಮನೆಗೆ ಹೋಗೋದನ್ನ ಮಾತ್ರ ಬಿಡಲಿಲ್ಲ.

ಫಿಲೋಮಿನಮ್ಮ ತೀರಿಕೊಂಡ ಮೇಲೆ ಅವರ ಗಂಡ ಈ ಮೂರ್ತಿಯನ್ನು ತಂದು ಸರೋಜಳ ಕೈಗಿಟ್ಟರು. ಅವಳೇ ಹೇಳಿ ಹೋಗಿದ್ದಾಳೆ ಅಂದರು. ಅಂದಿನಿಂದ ಅಂತೋಣಿಯವರು ನಮ್ಮಲ್ಲೇ ಇದ್ದಾರೆ.

ಇವತ್ತು ಫೋನು ಕೆಳಗಿಟ್ಟು ಎದ್ದೆ. ಸಂತರನ್ನು ಮೆಲ್ಲಗೆ ಈಚೆ ತಿರುಗಿಸಿ ಕೈಮುಗಿದೆ. ಬಾಯಿಗೆ ಬಂದ ಹೆಸರು ಮಾತ್ರ ಅವರದಲ್ಲ.

‘ಫಿಲೋಮಿನಮ್ಮ, ನಾನು ಕೇಳಾಕ ಕುಂತೀನಿ. ನೀವೂ ಜೊತಿಗೆ ಬರ್ರಿ.’

ಯಾರ ಜೊತಿ ಮಾತಾಡ್ತಿದ್ದೀರಿ ಅಂತ ಸರೋಜ ಒಳಗಿನಿಂದ ಕೇಳಿದಳು.

‘ಪಕ್ಕದ ಮನೆಯೋರ ಜೊತಿ,’ ಅಂದೆ.